ನಾವು ನಿಮ್ಮವರೋ ಅಲ್ಲವೋ, ಬರೆದು ತಿಳಿಸಿ: ವಿಮಾ ಕಂಪನಿಗೊಂದು ಬಹಿರಂಗ ಪತ್ರ

ಮಾನ್ಯ ಆಡಳಿತ ಮಂಡಳಿಯವರಿಗೆ, ನಮಸ್ಕಾರಗಳು.

ನಾನು 2014ರಿಂದ ನಿಮ್ಮ ಕಂಪನಿಯ ಉಡುಪಿ ಶಾಖೆಯ ಏಜೆಂಟ್. ಬ್ರಹ್ಮಾವರದಿಂದ ಕಾಪುವಿನವರೆಗೆ, ಒಳಗಡೆ ಹೆಬ್ರಿಯವರೆಗೆ, ಸುಮಾರು ಮುನ್ನೂರ ನಲವತ್ತು ಕುಟುಂಬಗಳ ಆರೋಗ್ಯ ವಿಮೆ ನನ್ನ ಕೋಡಿನಲ್ಲಿ (ಕಮಿಷನ್ ಯಾರಿಗೆಂದು ಗುರುತಿಸುವ ಏಜೆಂಟ್ ಸಂಖ್ಯೆಯಲ್ಲಿ) ಇದೆ, ಅಥವಾ ಇತ್ತು. ಈ 'ಇತ್ತು' ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಈ ಪತ್ರವನ್ನು ಶಾಖೆಯ ಮೂಲಕವೇ ಕಳುಹಿಸಬಹುದಿತ್ತು. ಎರಡು ಸಲ ಕಳುಹಿಸಿಯೂ ಆಯಿತು. ಮೊದಲ ಸಲ ಮ್ಯಾನೇಜರ್ ಸಾಹೇಬರು 'ಮೇಲೆ ಕಳಿಸಿದ್ದೇನೆ' ಎಂದರು. ಎರಡನೆಯ ಸಲ ನನ್ನನ್ನು ಚಹಾಕ್ಕೆ ಕರೆದು, ಇಂಥದ್ದನ್ನೆಲ್ಲ ಬರವಣಿಗೆಯಲ್ಲಿ ಹಾಕಬಾರದೆಂದು ಬಹಳ ಸಮಾಧಾನದಿಂದ ತಿಳಿಹೇಳಿದರು. ಚಹಾದ ದುಡ್ಡನ್ನು ಅವರೇ ಕೊಟ್ಟರೆಂಬುದನ್ನೂ ಇಲ್ಲಿ ದಾಖಲಿಸಬೇಕು, ಏಕೆಂದರೆ ಹನ್ನೊಂದು ವರ್ಷಗಳಲ್ಲಿ ನನಗೆ ನೆನಪಿರುವಂತೆ ಅದೇ ಮೊದಲು. ಕಂಪನಿಯ ಹೆಸರನ್ನು ನಾನು ಹಾಕಿಲ್ಲ. ಉಡುಪಿಯ ರಥಬೀದಿಯಿಂದ ಮಂಗಳೂರಿನ ಹಂಪನಕಟ್ಟೆಯವರೆಗೆ ಬೇರೆ ಬೇರೆ ಕಂಪನಿಗಳ ಏಜೆಂಟರೊಡನೆ ಮಾತಾಡಿದ ಮೇಲೆ, ಹೆಸರೊಂದನ್ನು ಬದಲಿಸಿದರೆ ಇದು ಅವರ ಪತ್ರವೂ ಆಗುತ್ತದೆ ಎಂದು ನನಗೆ ಖಾತ್ರಿಯಾಗಿದೆ. ಇದರ ಒಂದು ಪ್ರತಿಯನ್ನು ಹೈದರಾಬಾದಿನಲ್ಲಿರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೂ ಕಳುಹಿಸುತ್ತಿದ್ದೇನೆ.

ನಮ್ಮ ಪ್ರಶ್ನೆ ಒಂದೇ: ನಾವು ನಿಮ್ಮವರೋ, ಅಲ್ಲವೋ?

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಖೆಯ ಸಭೆಗೆ ಬರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವಾಗ ನಾವು ನಿಮ್ಮವರು. ತಿಂಗಳ ಟಾರ್ಗೆಟ್ ಮುಟ್ಟದವರ ಹೆಸರುಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಂಪು ಅಕ್ಷರಗಳಲ್ಲಿ ಹಾಕುವಾಗ, ಮಾರ್ಚ್ 31ರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಇನ್ನೆರಡು ಪಾಲಿಸಿ ಲಾಗಿನ್ ಮಾಡಿಸಿ, ಅಂದರೆ ಕಂಪನಿಯ ಲೆಕ್ಕಕ್ಕೆ ಸೇರಿಸಿ, ಎನ್ನುವಾಗ, ಹೊಸ ಪಾಲಿಸಿಯೊಂದು ಬಂದ ದಿನ ಅದರ ಜಾಹೀರಾತನ್ನು ನಮ್ಮ ನಮ್ಮ ಫೋನಿನ ಸ್ಟೇಟಸ್‌ನಲ್ಲಿ ಹಾಕಿಸಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳುವಾಗ, ಆಗೆಲ್ಲ ನಾವು 'ಕಂಪನಿಯ ಕುಟುಂಬ'. ಪೆಟ್ರೋಲಿನ ಖರ್ಚು, ಭವಿಷ್ಯನಿಧಿ, ಗ್ರಾಚ್ಯುಟಿ, ಕಾಯಿಲೆಯ ರಜೆ ಇವುಗಳ ಮಾತು ಬಂದ ಕೂಡಲೇ ಒಪ್ಪಂದದ ಪುಟ ತೆರೆದು, ನೀವು ಸ್ವತಂತ್ರ ಉದ್ಯಮಿಗಳು, ಕಂಪನಿಗೂ ನಿಮಗೂ ನೌಕರಿಯ ಸಂಬಂಧವಿಲ್ಲ ಎಂಬ ಸಾಲನ್ನು ತೋರಿಸುತ್ತೀರಿ. ಆ ಸಾಲಿಗೆ ನಾನೇ ಸಹಿ ಹಾಕಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ವತಂತ್ರ ಉದ್ಯಮಿಯೊಬ್ಬನಿಗೆ ತನ್ನ ಸರಕಿನ ಬೆಲೆ ಬದಲಾದದ್ದು ಮುಂಚಿತವಾಗಿ ತಿಳಿದಿರಬೇಕು, ತನ್ನ ಗಿರಾಕಿ ತನ್ನ ಹತ್ತಿರ ಉಳಿಯಬೇಕು, ಒಂದು ಕಡೆ ಸರಿಹೋಗದಿದ್ದರೆ ಮತ್ತೊಂದು ಕಡೆಗೆ ಹೋಗುವ ದಾರಿ ಇರಬೇಕು. ಇವು ಮೂರೂ ನಮಗಿಲ್ಲ.

ಮೊದಲು ಕಮಿಷನ್ನಿನ ವಿಷಯ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯು ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಶೇ. 18ರ ತೆರಿಗೆಯನ್ನು ಪೂರ್ತಿ ತೆಗೆಯಲು ತೀರ್ಮಾನಿಸಿ, ಅದು ಅದೇ ತಿಂಗಳ 22ರಿಂದ ಜಾರಿಗೆ ಬಂದಾಗ ಅತ್ಯಂತ ಖುಷಿಪಟ್ಟವರಲ್ಲಿ ನಾವೂ ಇದ್ದೆವು. 30,000 ರೂಪಾಯಿಯ ಪಾಲಿಸಿಗೆ 35,400 ಕಟ್ಟಬೇಕಾಗಿದ್ದ ಮನೆಯವರಿಗೆ 5,400 ರೂಪಾಯಿ ಉಳಿಯುತ್ತದೆಂದು ನಾನೇ ಫೋನ್ ಮಾಡಿ ಮಾಡಿ ಹೇಳಿದೆ. ಮಲ್ಪೆಯ ಮೀನುಗಾರ ಕುಟುಂಬಗಳಿಗೆ ಈ ಮೊತ್ತ ಸಣ್ಣದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೋಣಿಗಳು ದಡದಲ್ಲಿರುವ ಅರುವತ್ತೊಂದು ದಿನಗಳಲ್ಲಿ ರಿನೀವಲ್ ಬಂದರೆ ಆ ಹಣ ಹೊಂದಿಸಲು ಅವರು ಪಡುವ ಪಾಡನ್ನು ನಾನು ಪ್ರತಿ ಮಳೆಗಾಲವೂ ನೋಡಿದ್ದೇನೆ. ಎಷ್ಟೋ ಸಲ, ಗಡುವಿನ ಮೇಲೆ ಕಟ್ಟಲು ಸಿಗುವ ಮೂವತ್ತು ದಿನಗಳ ಗ್ರೇಸ್ ಅವಧಿ ಮುಗಿಯುವ ಸಂಜೆ ಹಣವನ್ನು ನಾನೇ ಹಾಕಿ, ಆಗಸ್ಟಿನಲ್ಲಿ ಕಂತಿನಲ್ಲಿ ವಾಪಸು ತೆಗೆದುಕೊಂಡದ್ದೂ ಉಂಟು. ಇದು ನಿಯಮದ ಪ್ರಕಾರ ಸರಿಯಲ್ಲವೆಂದು ನೀವು ಹೇಳಬಹುದು. ಪಾಲಿಸಿ ಬಿದ್ದುಹೋದ ಮೇಲೆ ಆಸ್ಪತ್ರೆ ಸೇರಿದವರ ಮನೆಗೆ ಹೋಗಿ ಮುಖ ತೋರಿಸಬೇಕಾದವನು ನಾನು.

ಅಕ್ಟೋಬರ್ ತಿಂಗಳಲ್ಲಿ ನಿಮ್ಮಿಂದ ಸಂದೇಶ ಬಂತು: ಇನ್ನು ಮುಂದೆ ನಮ್ಮ ಕಮಿಷನ್ 'ಜಿಎಸ್‌ಟಿ ಸೇರಿ'. ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಜೆಂಟನ ಕಮಿಷನ್ ಮೇಲೂ ಶೇ. 18ರ ಜಿಎಸ್‌ಟಿ ಇದೆ. ಆದರೆ ಕಾನೂನು ಅದನ್ನು ಕಟ್ಟುವ ಹೊಣೆಯನ್ನು ಏಜೆಂಟನ ಮೇಲಲ್ಲ, ವಿಮಾ ಕಂಪನಿಯ ಮೇಲೆ ಹಾಕಿದೆ. ಹಿಂದೆ ಕಂಪನಿಯು ಹೀಗೆ ಕಟ್ಟಿದ ತೆರಿಗೆಯನ್ನು ಪ್ರೀಮಿಯಂ ಮೇಲೆ ವಸೂಲಿ ಮಾಡಿದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಿತ್ತು. ಪ್ರೀಮಿಯಂ ಮೇಲಿನ ತೆರಿಗೆಯೇ ಇಲ್ಲವಾದ ಮೇಲೆ ಹೊಂದಿಸಿಕೊಳ್ಳಲು ಏನೂ ಉಳಿಯಲಿಲ್ಲ. ಅದು ಕಂಪನಿಗೆ ಶುದ್ಧ ಖರ್ಚಾಯಿತು. ಇಲ್ಲಿಯವರೆಗೆ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಅದು ಸುಳ್ಳಲ್ಲ. ಆದರೆ ಆ ಖರ್ಚನ್ನು ಪೂರ್ತಿಯಾಗಿ ನಮ್ಮ ತಲೆಗೆ ಕಟ್ಟಿದಿರಿ. 30,000 ರೂಪಾಯಿಯ ಅದೇ ಪಾಲಿಸಿಗೆ ಒಪ್ಪಂದದ ಶೇ. 15ರಂತೆ ನನಗೆ 4,500 ರೂಪಾಯಿ ಬರಬೇಕಿತ್ತು. ಈಗ 'ಸೇರಿ' ಎಂದಾದ್ದರಿಂದ ಅದು 3,814ಕ್ಕೆ ಇಳಿಯಿತು. ಆರುನೂರ ಎಂಬತ್ತಾರು ರೂಪಾಯಿ, ಅಂದರೆ ನನ್ನ ದುಡಿಮೆಯ ಶೇ. 15ಕ್ಕಿಂತ ಸ್ವಲ್ಪ ಹೆಚ್ಚು, ಒಂದು ಸಂದೇಶದಲ್ಲಿ ಹೋಯಿತು. ಹಲವು ಕಂಪನಿಗಳು ಹೀಗೆಯೇ ಮಾಡಿದವೆಂದು ಆಗ ಪತ್ರಿಕೆಗಳಲ್ಲಿಯೂ ಬಂದಿತ್ತು. ಎಲ್ಲರೂ ಮಾಡಿದರೆ ನ್ಯಾಯವಾಗುತ್ತದೆಯೆಂದು ನಾನು ತಿಳಿದಿಲ್ಲ. ತಮಾಷೆಯೆಂದರೆ ಅದೇ ವರ್ಷದ ಏಪ್ರಿಲ್‌ನಿಂದ ಆದಾಯ ತೆರಿಗೆ ಇಲಾಖೆಯು ನಮ್ಮ ಕಮಿಷನ್ನಿನಲ್ಲಿ ಮುರಿದುಕೊಳ್ಳುವ ಟಿಡಿಎಸ್ ದರವನ್ನು ಶೇ. 5ರಿಂದ 2ಕ್ಕೆ ಇಳಿಸಿತ್ತು. ಸರ್ಕಾರದ ಇಲಾಖೆಯೊಂದು ನಮ್ಮ ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಬಿಟ್ಟಿತೆಂದು ನಾವು ಸಂತೋಷಪಟ್ಟು ಆರೇಳು ತಿಂಗಳಾಗಿತ್ತಷ್ಟೆ.

ನನಗೆ ನೋವಾದದ್ದು ಮೊತ್ತಕ್ಕಿಂತ ಅದನ್ನು ಮಾಡಿದ ಬಗೆಯಿಂದ. 2023ರ ಏಪ್ರಿಲ್‌ನಲ್ಲಿ ಪ್ರಾಧಿಕಾರವು ಪಾಲಿಸಿವಾರು ಕಮಿಷನ್ ಮಿತಿಗಳನ್ನು ತೆಗೆದುಹಾಕಿ, ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿಯಿಟ್ಟು (ಆರೋಗ್ಯ ವಿಮೆಯೊಂದನ್ನೇ ಮಾಡುವ ಕಂಪನಿಗಳಿಗೆ ಅದು ಒಟ್ಟು ಪ್ರೀಮಿಯಂನ ಶೇ. 35), ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಕಂಪನಿಯ ನಿರ್ದೇಶಕ ಮಂಡಳಿಗೇ ಬಿಟ್ಟಿತು. ಆಗ ಶಾಖೆಯಲ್ಲಿ ಲಡ್ಡು ಹಂಚಲಾಯಿತು. ಇನ್ನು ಏಜೆಂಟರಿಗೆ ಆಕಾಶವೇ ಮಿತಿ ಎಂದು ಪ್ರಾದೇಶಿಕ ಅಧಿಕಾರಿಯೊಬ್ಬರು ಭಾಷಣ ಮಾಡಿದರು. ಮಿತಿ ಮೇಲಕ್ಕೆ ಮಾತ್ರವಲ್ಲ, ಕೆಳಕ್ಕೂ ಇಲ್ಲವೆಂಬುದು ನಮಗೆ ಎರಡು ವರ್ಷಗಳ ಮೇಲೆ ತಿಳಿಯಿತು. ನಿಮ್ಮ ಮಂಡಳಿಯಲ್ಲಿ ನಮ್ಮ ಪರವಾಗಿ ಮಾತಾಡುವವರು ಯಾರೂ ಇಲ್ಲ. ಹಳೆಯ ಪಾಲಿಸಿಗಳಿಗೂ ಹೊಸ ಲೆಕ್ಕ ಏಕೆ ಎಂದು ಕೇಳಿದಾಗ 'ಪಾಲಿಸಿ ಪ್ರತಿವರ್ಷ ಹೊಸದು' ಎಂದರು. ಹಾಗಾದರೆ ಟಾರ್ಗೆಟ್ಟಿಗೆ ಲೆಕ್ಕ ಹಾಕುವಾಗ ರಿನೀವಲ್ ಹೊಸದಲ್ಲವೇಕೆ?

ಇನ್ನು 'ಇತ್ತು' ಎಂಬ ಮಾತಿಗೆ ಬರುತ್ತೇನೆ. ಹೆಬ್ರಿಯ ಕಡೆ ಅಡಿಕೆ ತೋಟವಿರುವ ಒಂದು ಮನೆ. ಆ ಮನೆಗೆ ಪಾಲಿಸಿ ಮಾಡಿಸಲು ನಾನು ಐದು ಸಲ ಹೋಗಿದ್ದೆ. ಅಲ್ಲಿಗೆ ಹೋಗಿಬರಲು ಅರ್ಧ ದಿನ ಬೇಕು. 2024ರ ಜುಲೈಯಲ್ಲಿ, ಘಟ್ಟದ ಬುಡದ ಆ ಮಳೆಯಲ್ಲಿ, ಮನೆಯ ಯಜಮಾನರಿಗೆ ಎದೆನೋವು ಬಂದು ಮಣಿಪಾಲದ ಕಡೆಗೆ ಕರೆತಂದರು. ರಾತ್ರಿ ಹತ್ತಕ್ಕೆ ಅವರ ಹೆಂಡತಿ ಮೊದಲು ಫೋನ್ ಮಾಡಿದ್ದು ಅಣ್ಣನಿಗಲ್ಲ, ನನಗೆ. ನಾನು ಹೋಗಿ ವಿಮಾ ಕೌಂಟರಿನ ಮುಂದೆ ಕುಳಿತೆ. ನಿಮ್ಮ ಕಡೆಯಿಂದ ಒಂದಾದ ಮೇಲೊಂದು ಪ್ರಶ್ನೆ: ರಕ್ತದೊತ್ತಡ ಯಾವ ವರ್ಷದಿಂದ, ಮಾತ್ರೆಯ ಹಳೆಯ ಚೀಟಿ ಎಲ್ಲಿ, ಮೊದಲು ನೋಡಿದ ಡಾಕ್ಟರರ ಪತ್ರ ಎಲ್ಲಿ. ಕ್ಯಾಶ್‌ಲೆಸ್ ಕೋರಿಕೆಗೆ (ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟಲೆಂಬ ಕೋರಿಕೆಗೆ) ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ಪ್ರಾಧಿಕಾರವು ಅದೇ ವರ್ಷದ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿತ್ತು. ಮೊದಲ ಒಪ್ಪಿಗೆ ಬಂದದ್ದು ಮರುದಿನ ಮಧ್ಯಾಹ್ನ. ಆ ನಡುವೆ ಊರಿನ ಡಾಕ್ಟರರನ್ನು ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಪತ್ರ ಬರೆಸಿಕೊಂಡು, ಅದರ ಫೋಟೋ ತೆಗೆಸಿ, ನಿಮ್ಮ ಪೋರ್ಟಲ್ಲಿಗೆ ಹಾಕಿದವನು ಸಂಬಳವಿಲ್ಲದ ಈ ಸ್ವತಂತ್ರ ಉದ್ಯಮಿ. ಕ್ಲೈಮ್ ಕೆಲಸಕ್ಕೆ ನಮಗೆ ಒಂದು ಪೈಸೆಯೂ ಇಲ್ಲವೆಂಬುದನ್ನು ಬಹಳ ಗ್ರಾಹಕರು ಅರಿಯರು. ಕ್ಲೈಮ್ ಆದರೆ ನಮಗೆ ಏನೋ ಸಿಗುತ್ತದೆಂದೇ ಅವರ ತಿಳುವಳಿಕೆ.

ಮುಂದಿನ ವರ್ಷ ರಿನೀವಲ್‌ಗೆ ಹದಿನೈದು ದಿನ ಇರುವಾಗ ನಾನು ಫೋನ್ ಮಾಡಿದರೆ ಆ ಮನೆಯಾಕೆ ಹೇಳಿದರು: "ಅದು ಆಯ್ತಲ್ಲ ಏಜೆಂಟರೇ. ನಿಮ್ಮ ಕಂಪನಿಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಆ್ಯಪ್‌ನಲ್ಲಿ ಕಟ್ಟಿದರೆ ಕಡಿಮೆ ಆಗ್ತದೆ ಅಂದಳು. ಮಗ ಕಟ್ಟಿದ. ನಿಮ್ಮದೇ ಕಂಪನಿ ಅಲ್ವಾ, ನಿಮಗೆ ಬರುವುದು ಬರ್ತದೆ ಅಂತ ಗ್ರಹಿಸಿದ್ದೆ ಮಾರಾಯ್ರೆ."

ಆಕೆಯ ತಪ್ಪೇನೂ ಇಲ್ಲ. ಪೋರ್ಟಲ್ ತೆರೆದು ನೋಡಿದರೆ ಆ ಪಾಲಿಸಿಯ ಎದುರು ನನ್ನ ಕೋಡಿನ ಜಾಗದಲ್ಲಿ 'ಡೈರೆಕ್ಟ್' ಎಂದು ಬರೆದಿತ್ತು. ನಾನು ಸಂಗ್ರಹಿಸಿ ಕೊಟ್ಟ ಫೋನ್ ನಂಬರಿಗೆ, ನಾನು ಫಾರಂ ತುಂಬಿಸಿದ ಮನೆಗೆ, ನಾನು ಕೊಡಲಾಗದ ರಿಯಾಯಿತಿಯನ್ನು ನೀವು ಕೊಟ್ಟಿರಿ. ನಾನು ನನ್ನ ಕಮಿಷನ್ನಿನಿಂದ ನೂರು ರೂಪಾಯಿ ಬಿಟ್ಟುಕೊಟ್ಟರೆ 1938ರ ವಿಮಾ ಕಾಯ್ದೆಯ 41ನೇ ಕಲಮಿನಡಿ ಅದು ಅಪರಾಧ. ಹತ್ತು ಲಕ್ಷ ರೂಪಾಯಿಯವರೆಗೆ ದಂಡವುಂಟು. ಆ ಕಲಮನ್ನು ನಾನು ವಿರೋಧಿಸುವುದಿಲ್ಲ, ಅದು ಇಲ್ಲದಿದ್ದರೆ ನಾವು ಏಜೆಂಟರೇ ಒಬ್ಬರನ್ನೊಬ್ಬರು ತಿಂದುಹಾಕುತ್ತಿದ್ದೆವು. ಕೈ ಕಟ್ಟಿಸಿಕೊಂಡು ಓಟದ ಪಂದ್ಯಕ್ಕೆ ನಿಂತಿದ್ದೇವೆಂಬುದನ್ನು ಮಾತ್ರ ಹೇಳುತ್ತಿದ್ದೇನೆ. 2025ರಲ್ಲಿ ಹೀಗೆ ನನ್ನ ಕೋಡಿನಿಂದ ಜಾರಿದ ಪಾಲಿಸಿಗಳು ಇಪ್ಪತ್ತೊಂಬತ್ತು. ಅವುಗಳಲ್ಲಿ ಹನ್ನೊಂದು ಮನೆಗಳವರು ಆಮೇಲೂ ಕ್ಲೈಮ್ ಬಂದಾಗ ನನಗೇ ಫೋನ್ ಮಾಡಿದರು, ನಾನು ಹೋದೆ. ಹೋಗದಿರಲು ಈ ಊರಿನಲ್ಲಿ ಸಾಧ್ಯವಿಲ್ಲ. ಅವರ ಮನೆಯ ಮದುವೆಗೆ ಉಂಡುಬಂದವನು ನಾನು, ಕಾಲ್ ಸೆಂಟರಿನ ಹುಡುಗಿಯಲ್ಲ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರ ಪ್ರಪೋಸಲ್‌ನಲ್ಲಿ 'ಇಲ್ಲ' ಎಂದು ಗೀಟು ಹಾಕಿದ ಏಜೆಂಟರು ನಮ್ಮಲ್ಲಿದ್ದಾರೆ. ಮೊದಲ ವರ್ಷ ನಾನೂ ಒಂದು ಹಾಗೆ ಮಾಡಿದ್ದೆ. 'ಬಿಪಿ ಬರೆದರೆ ಮೆಡಿಕಲ್ ಟೆಸ್ಟ್ ಬೀಳ್ತದೆ, ಮಾರ್ಚ್ ಒಳಗೆ ಲಾಗಿನ್ ಆಗುವುದಿಲ್ಲ, ಬಿಡಿ' ಎಂದು ಆಗಿನ ಸೇಲ್ಸ್ ಮ್ಯಾನೇಜರ್ ಹೇಳಿದ್ದರು. ಆದರೂ ಗೀಟು ಎಳೆದ ಕೈ ನನ್ನದು. ಮೂರನೆಯ ವರ್ಷ ಆ ಮನೆಯ ಕ್ಲೈಮನ್ನು ನೀವು ತಿರಸ್ಕರಿಸಿದಿರಿ. ಮುಚ್ಚಿಟ್ಟವರು ಗ್ರಾಹಕರೆಂದು ಪತ್ರ ಹೋಯಿತು. ನಾನು ಅವರಿಗೆ 62,000 ರೂಪಾಯಿಯನ್ನು ಹದಿನಾಲ್ಕು ಕಂತುಗಳಲ್ಲಿ ಕೊಟ್ಟು ತೀರಿಸಿದೆ. ಮ್ಯಾನೇಜರಿಗೆ ಅಷ್ಟರಲ್ಲಿ ಬಡ್ತಿಯಾಗಿ ಹುಬ್ಬಳ್ಳಿಗೆ ವರ್ಗವಾಗಿತ್ತು. ಅಂದಿನಿಂದ ನಾನು ಒಂದು ಮಾತ್ರೆಯನ್ನೂ ಬಿಡದೆ ಬರೆಸುತ್ತೇನೆ, ಅದರಿಂದಾಗಿ ನನ್ನ ಲಾಗಿನ್‌ಗಳು ತಡವಾಗುತ್ತವೆ, ತಡವಾಗುವುದರಿಂದ ನನ್ನ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ. ಮುಚ್ಚಿಡಿ ಎಂಬ ಸಲಹೆ ಯಾವತ್ತೂ ಬಾಯಿಮಾತಿನಲ್ಲೇ ಬರುವುದರಿಂದ ಅದಕ್ಕೆ ಹೊಣೆಗಾರರೇ ಇಲ್ಲ.

ಹಾಗಿದ್ದರೆ ಬಿಟ್ಟುಹೋಗಬಹುದಲ್ಲ ಎನ್ನುತ್ತೀರಿ. ನೇರವಾಗಿಯೇ ಹೇಳಿದ್ದೀರಿ. ನಾನು ಸೇರಿದಾಗ ಏಜೆಂಟರಿಗೆ ಲೈಸೆನ್ಸ್ ಬರುತ್ತಿದ್ದುದು ಪ್ರಾಧಿಕಾರದ ಹೆಸರಿನಲ್ಲಿ. 2015ರ ಕಾಯ್ದೆ ತಿದ್ದುಪಡಿಯ ಮೇಲೆ ಕಂಪನಿಗಳೇ ಏಜೆಂಟರನ್ನು ನೇಮಿಸುತ್ತವೆ, ಕಂಪನಿಗಳೇ ತೆಗೆಯುತ್ತವೆ. ಮೇಲ್ಮನವಿ ಕೇಳುವ ಅಧಿಕಾರಿಯೂ ಕಂಪನಿಯವನೇ. ಏಜೆಂಟನು ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗಷ್ಟೇ ಕೆಲಸ ಮಾಡಬಹುದು. ಅದೇ ಬೀದಿಯಲ್ಲಿರುವ ಬ್ಯಾಂಕು ಪ್ರತಿ ವಿಭಾಗದಲ್ಲೂ ಒಂಬತ್ತು ಕಂಪನಿಗಳ ಪಾಲಿಸಿ ಮಾರಬಹುದು. ಗ್ರಾಹಕನಿಗೆ ಕಂಪನಿ ಹಿಡಿಸದಿದ್ದರೆ, ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲೆಂದು ಅದುವರೆಗೆ ಕಾದ ಅವಧಿಯ ಲಾಭ ಕಳೆದುಕೊಳ್ಳದೆ ಬೇರೆ ಕಂಪನಿಗೆ ಪೋರ್ಟ್ ಆಗುವ ಹಕ್ಕು 2011ರಿಂದ ಇದೆ. ಏಜೆಂಟನು ಬದಲಾಗಬೇಕಾದರೆ ಮೊದಲು ರಾಜೀನಾಮೆ ಕೊಟ್ಟು, ನಿಮ್ಮಿಂದ ಬಿಡುಗಡೆಯ ಪ್ರಮಾಣಪತ್ರ ಪಡೆದು, ಅದರ ಮೇಲೆ ತೊಂಬತ್ತು ದಿನ ಕಾಯಬೇಕು. ನಿಮ್ಮ ಒಪ್ಪಂದದ ಪ್ರಕಾರ ಬಿಟ್ಟ ದಿನವೇ ಹಳೆಯ ಪಾಲಿಸಿಗಳ ರಿನೀವಲ್ ಕಮಿಷನ್ ನಿಲ್ಲುತ್ತದೆ. ಹನ್ನೊಂದು ವರ್ಷದ ದುಡಿಮೆಯನ್ನು ನಿಮ್ಮ ಮೇಜಿನ ಮೇಲಿಟ್ಟು ಬರಿಗೈಯಲ್ಲಿ ಮೂರು ತಿಂಗಳು ಕೂರುವ ಸ್ವಾತಂತ್ರ್ಯ ಇದು.

ಉಡುಪಿಯವನಾದ್ದರಿಂದ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ್ದು ಈ ಊರಿನಿಂದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ ಚೀಲ ನೇತುಹಾಕಿಕೊಂಡು ಸಂಜೆ ನಮ್ಮ ಜಗಲಿಗೆ ಬರುತ್ತಿದ್ದ ಪಿಗ್ಮಿಯವರು ನನ್ನ ವಯಸ್ಸಿನವರಿಗೆಲ್ಲ ನೆನಪಿದ್ದಾರೆ. ಅವರೂ ಕಮಿಷನ್ ಏಜೆಂಟರೇ. ಅವರು ಸ್ವತಂತ್ರರು, ನೌಕರರಲ್ಲ, ಬೇರೆ ಉದ್ಯೋಗವನ್ನೂ ಮಾಡಬಹುದು ಎಂದೇ ಬ್ಯಾಂಕುಗಳು ವಾದಿಸುತ್ತಿದ್ದವು. ವ್ಯಾಜ್ಯವು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, 1988ರಲ್ಲಿ ಅಲ್ಲಿ ತೀರ್ಪಾಗಿ, ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿರ್ಧಾರವಾಯಿತು. ಬ್ಯಾಂಕಿನ ನಿಯಂತ್ರಣ ಅವರ ಮೇಲಿದೆ, ಅವರು ಕಾರ್ಮಿಕರೇ, ಅವರ ಕಮಿಷನ್ ಕೂಡ ವೇತನವೇ ಎಂದು ನ್ಯಾಯಾಲಯ ಒಪ್ಪಿತು. ಅವರನ್ನು ಖಾಯಂ ಗುಮಾಸ್ತರನ್ನಾಗಿ ಮಾಡಲಿಲ್ಲ. ಕನಿಷ್ಠ ಮೊತ್ತವೊಂದು, ಓಡಾಟದ ಭತ್ಯೆ, ಗ್ರಾಚ್ಯುಟಿ ಇಷ್ಟು ಸಿಕ್ಕಿತು. ಮೊತ್ತಗಳು ಬಹಳ ಸಣ್ಣವು. ಆದರೆ ಅವರು ಯಾರೆಂಬ ಪ್ರಶ್ನೆಗೆ ಒಂದು ಉತ್ತರವಾದರೂ ಸಿಕ್ಕಿತು. ವಿಮಾ ಏಜೆಂಟರಿಗೆ ಆ ತೀರ್ಪು ತಾನಾಗಿ ಅನ್ವಯಿಸುತ್ತದೆಂದು ನಾನು ಹೇಳುತ್ತಿಲ್ಲ. ಊಟ ತಂದುಕೊಡುವ ಹುಡುಗರಿಗಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ವರ್ಷದ ನವೆಂಬರ್‌ನಲ್ಲಿ ಜಾರಿಗೆ ಬಂತು. ಅವರಿಗೆ ಸಿಕ್ಕಿದ್ದು ನ್ಯಾಯವೇ. ಈ ಮಾತುಕತೆಗಳಲ್ಲಿ ವಿಮಾ ಏಜೆಂಟನ ಹೆಸರನ್ನು ಯಾರಾದರೂ ಎತ್ತಿದ್ದನ್ನು ನಾನು ಕೇಳಿಲ್ಲ.

ನಾವು ಸಂಬಳ ಕೇಳುತ್ತಿಲ್ಲ. ಗ್ರಾಹಕರು ಕೈಯಾರೆ ಬೇರೆ ದಾರಿ ಆರಿಸಿಕೊಂಡರೆ ಅದನ್ನು ತಡೆಯಿರೆಂದೂ ಕೇಳುತ್ತಿಲ್ಲ. ನನ್ನ ಕೋಡಿನಲ್ಲಿರುವ ಪಾಲಿಸಿಯ ರಿನೀವಲ್‌ಗೆ ನಿಮ್ಮ ಕಾಲ್ ಸೆಂಟರ್ ಫೋನ್ ಮಾಡುವುದಾದರೆ ಮಾಡಲಿ, ಆದರೆ ಕೋಡ್ ಬದಲಾಗುತ್ತದೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿ ಅವರ ಒಪ್ಪಿಗೆಯನ್ನು ದಾಖಲಿಸಲಿ; ಅವರು ಒಪ್ಪದಿದ್ದರೆ, ಹಣ ಆ್ಯಪಿನಲ್ಲಿ ಬಂದರೂ ಕೋಡ್ ನನ್ನದಾಗಿಯೇ ಇರಲಿ. ಕಮಿಷನ್ ದರವನ್ನು ಬದಲಿಸುವುದಾದರೆ ಮೂರು ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಿ, ಬದಲಾದ ದರ ಆಮೇಲೆ ಮಾಡಿಸಿದ ಪಾಲಿಸಿಗಳಿಗೆ ಮಾತ್ರ ಅನ್ವಯಿಸಲಿ. ನಮ್ಮ ಕೋಡಿನ ಜಿಎಸ್‌ಟಿ ಹೊರೆಯಲ್ಲಿ ಅರ್ಧವನ್ನಾದರೂ ಕಂಪನಿ ಹೊರಲಿ. ಪ್ರಾಧಿಕಾರದಲ್ಲಿ ನನ್ನದೊಂದು ಪ್ರತ್ಯೇಕ ವಿನಂತಿಯಿದೆ. ಗ್ರಾಹಕರ ದೂರಿಗೆ ತಮ್ಮ ಬಿಮಾ ಭರೋಸಾ ಪೋರ್ಟಲ್ ಇದೆ, ಅದರ ಮೇಲೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರಿದ್ದಾರೆ. ಕಮಿಷನ್ ಮುರಿದುಕೊಂಡ, ಕೋಡ್ ಬದಲಿಸಿದ ದೂರನ್ನು ಏಜೆಂಟನು ಕಂಪನಿಯ ಹೊರಗೆ ಒಯ್ಯಲು ಅಂಥದೇ ಒಂದು ಬಾಗಿಲನ್ನು ತಾವು ತೆರೆಯಬೇಕು.

ಈ ಪತ್ರದ ಕಾರಣದಿಂದ ನನ್ನ ಕೋಡನ್ನು ತಡೆಹಿಡಿಯುವ ಯೋಚನೆ ಇದ್ದರೆ, ಈ ತಿಂಗಳು ಹದಿನೇಳು ಮನೆಗಳ ರಿನೀವಲ್ ಇದೆ, ಅವುಗಳಲ್ಲಿ ಇಬ್ಬರು ಈಗ ಆಸ್ಪತ್ರೆಯಲ್ಲಿದ್ದಾರೆ ಎಂಬುದನ್ನು ಗಮನಿಸಿ, ಅವರ ಕ್ಲೈಮ್ ನೋಡಿಕೊಳ್ಳುವವರ ಹೆಸರು ಮತ್ತು ಫೋನ್ ನಂಬರನ್ನು ಮೊದಲೇ ಆ ಮನೆಗಳಿಗೆ ತಿಳಿಸಬೇಕಾಗಿ ಕೋರುತ್ತೇನೆ. ನನ್ನ ಪ್ರಶ್ನೆಗೆ ಉತ್ತರವನ್ನು ದಯವಿಟ್ಟು ಫೋನಿನಲ್ಲಿ ಹೇಳಬೇಡಿ, ಚಹಾಕ್ಕೂ ಕರೆಯಬೇಡಿ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಸಹಿ ಮತ್ತು ತಾರೀಕಿನೊಂದಿಗೆ ಕಳುಹಿಸಿ.

ಇತಿ ತಮ್ಮ ವಿಶ್ವಾಸಿ,
ಉಡುಪಿ ಶಾಖೆಯ ಒಬ್ಬ ಏಜೆಂಟ್